ಸದ್ದಿನಿಂದ ಹಾರುವ ತಟ್ಟೆಯವರೆಗೆ: ವಾರ್ಮಿನ್‌ಸ್ಟರ್ ಎಂಬ ಊರಿನ ಕಥೆ

1964ರ ಕ್ರಿಸ್‌ಮಸ್ ದಿನ. ಇನ್ನೂ ಬೆಳಕು ಹರಿದಿರಲಿಲ್ಲ. ಇಂಗ್ಲೆಂಡಿನ ವಿಲ್ಟ್‌ಶರ್‌ನಲ್ಲಿರುವ ವಾರ್ಮಿನ್‌ಸ್ಟರ್ ಎಂಬ ಸಣ್ಣ ಊರು. ಒಬ್ಬ ಮಹಿಳೆ ಮುಂಜಾನೆಯ ಪ್ರಾರ್ಥನೆಗೆಂದು ಚರ್ಚಿನ ಕಡೆ ನಡೆದು ಹೋಗುತ್ತಿದ್ದರು. ತಲೆಯ ಮೇಲೆ ಏನೋ ವಿಚಿತ್ರ ಸದ್ದು ಎದ್ದಿತು. ಅದು ಬರೀ ಕಿವಿಗೆ ಬೀಳಲಿಲ್ಲ, ಮೈಯನ್ನೇ ಒತ್ತಿ ಹಿಡಿದಂತಾಯಿತು ಎಂದು ಅವರು ಆಮೇಲೆ ಹೇಳಿದರು. ಅದೇ ಬೆಳಿಗ್ಗೆ ಊರಿನ ಪೋಸ್ಟ್‌ಮಾಸ್ಟರ್‌ಗೂ ಎಚ್ಚರವಾಯಿತು. ಛಾವಣಿಯ ಹೆಂಚುಗಳನ್ನು ಯಾರೋ ಕಿತ್ತು ಎಸೆಯುತ್ತಿರುವಂಥ ಶಬ್ದ. ನೋಡಿದರೆ ಹೆಂಚುಗಳು ಇದ್ದಲ್ಲೇ ಇದ್ದವು. ಹತ್ತಿರದ ನೂಕ್ ಕ್ಯಾಂಪಿನಲ್ಲಿದ್ದ ಸೈನಿಕರೂ ಅಂಥದ್ದೇ ಸದ್ದು ಕೇಳಿದ್ದಾಗಿ ಹೇಳಿದರು.

ಕೇಳಿದರು, ಅಷ್ಟೇ. ಆ ದಿನ ಯಾರೂ ಏನನ್ನೂ ನೋಡಲಿಲ್ಲ.

ವರ್ಷ ತುಂಬುವುದರೊಳಗೆ ಈ ಊರು ಬ್ರಿಟನ್ನಿನಲ್ಲಿ ಹಾರುವ ತಟ್ಟೆಗಳ ರಾಜಧಾನಿ ಅನ್ನಿಸಿಕೊಂಡಿತು. ಬೇರೆ ಬೇರೆ ಊರುಗಳಿಂದ ಜನ ಕಂಬಳಿ, ಫ್ಲಾಸ್ಕು, ಬೈನಾಕ್ಯುಲರ್ ಹಿಡಿದು ಬಂದು, ಇಲ್ಲಿನ ಗುಡ್ಡಗಳ ಮೇಲೆ ರಾತ್ರಿಯಿಡೀ ಕೂರತೊಡಗಿದರು. ಸುಮಾರು ಹತ್ತು ಹನ್ನೆರಡು ವರ್ಷ ಇದು ನಡೆಯಿತು. ಯುಎಫ್‌ಒ, ಅಂದರೆ ಗುರುತು ಸಿಗದ ಹಾರುವ ವಸ್ತುಗಳ ಕಥೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಆದರೆ ಒಂದು ಜನಪದ ಕಥೆ ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ಯಾವ ಹಂತದಲ್ಲಿ ಏನನ್ನು ಮೈಗೂಡಿಸಿಕೊಳ್ಳುತ್ತದೆ ಎಂಬುದನ್ನು ತಾರೀಖು ಸಮೇತ ನೋಡಬೇಕಾದರೆ ವಾರ್ಮಿನ್‌ಸ್ಟರ್‌ನಷ್ಟು ಒಳ್ಳೆಯ ಜಾಗ ಇನ್ನೊಂದು ಸಿಗುವುದು ಕಷ್ಟ. ನನ್ನ ಆಸಕ್ತಿ ಇರುವುದು ಅಲ್ಲಿ. ಆಕಾಶದಲ್ಲಿ ಏನು ಹಾರಿತು ಅನ್ನುವುದಕ್ಕಿಂತ ನೆಲದ ಮೇಲೆ ಏನಾಯಿತು ಅನ್ನುವುದು ಜಾಸ್ತಿ ಸ್ವಾರಸ್ಯಕರ.

ಊರು ಎಲ್ಲಿದೆ ಎಂದು ಮೊದಲು ನೋಡೋಣ. ಇಂಗ್ಲೆಂಡಿನ ನೈರುತ್ಯ ಭಾಗದಲ್ಲಿ ಸಾಲ್ಸ್‌ಬರಿ ಬಯಲು ಎಂಬ ವಿಶಾಲವಾದ ಸುಣ್ಣದ ಕಲ್ಲಿನ ಹುಲ್ಲುಗಾವಲು ಇದೆ. ಅದರ ಪಶ್ಚಿಮದ ಅಂಚಿನಲ್ಲಿ ವಾರ್ಮಿನ್‌ಸ್ಟರ್. ಪೂರ್ವಕ್ಕೆ ಸುಮಾರು 25 ಕಿಲೋಮೀಟರ್ ಹೋದರೆ ಸ್ಟೋನ್‌ಹೆಂಜ್. ಸುತ್ತಮುತ್ತ ಎಲ್ಲಿ ನೋಡಿದರೂ ಪುರಾತನ ಸಮಾಧಿ ದಿಬ್ಬಗಳು, ಕಬ್ಬಿಣ ಯುಗದ ಗುಡ್ಡದ ಕೋಟೆಗಳು. ಜೊತೆಗೆ ಬ್ರಿಟನ್ನಿನ ಅತಿ ದೊಡ್ಡ ಸೈನಿಕ ತರಬೇತಿ ಪ್ರದೇಶವೂ ಇದೇ ಬಯಲಿನಲ್ಲಿದೆ. ಹಳೆಯ ದಿಬ್ಬಗಳು ಒಂದು ಕಡೆ, ಫಿರಂಗಿಗಳು ಇನ್ನೊಂದು ಕಡೆ. ಈ ಎರಡೂ ಮುಂದೆ ಕಥೆಯೊಳಗೆ ಬರುತ್ತವೆ.

ಆಕಾಶದಲ್ಲಿ ಸದ್ದು ಕೇಳುವುದು ಇಂಗ್ಲೆಂಡಿನಲ್ಲಿ 1964ರಲ್ಲಿ ಶುರುವಾದದ್ದೇನಲ್ಲ. ದೇಶದ ಉತ್ತರ ಭಾಗದಲ್ಲಿ 'ಗೇಬ್ರಿಯಲ್‌ನ ಬೇಟೆನಾಯಿಗಳು' ಎಂಬ ನಂಬಿಕೆ ಬಹಳ ಹಳೆಯದು. ಚಳಿಗಾಲದ ರಾತ್ರಿ ತಲೆಯ ಮೇಲೆ ಕಾಣದ ನಾಯಿಗಳ ಹಿಂಡು ಬೊಗಳುತ್ತಾ ಓಡುತ್ತದೆ, ಅದನ್ನು ಕೇಳಿದವರ ಮನೆಯಲ್ಲಿ ಸಾವು ಆಗುತ್ತದೆ ಎನ್ನುತ್ತಿದ್ದರು. ಗಣಿ ಪ್ರದೇಶಗಳಲ್ಲಿ 'ಏಳು ಶಿಳ್ಳೆಗಾರರು' ಎಂಬ ಇನ್ನೊಂದು ನಂಬಿಕೆ ಇತ್ತು. ಆ ಶಿಳ್ಳೆ ಕೇಳಿದ ದಿನ ಕಾರ್ಮಿಕರು ಗಣಿಗೆ ಇಳಿಯಲು ಒಪ್ಪುತ್ತಿರಲಿಲ್ಲ. ಪಕ್ಷಿ ಬಲ್ಲವರು ಎರಡಕ್ಕೂ ಕೊಡುವ ವಿವರಣೆ ಒಂದೇ: ರಾತ್ರಿ ವಲಸೆ ಹೋಗುವ ಕಾಡು ಬಾತುಗಳು ಮತ್ತು ಉದ್ದ ಕೊಕ್ಕಿನ ನೀರುಹಕ್ಕಿಗಳು ಕೂಗುತ್ತಾ ಹಾರುತ್ತವೆ, ಕತ್ತಲಲ್ಲಿ ಹಕ್ಕಿ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಯುರೋಪಿನ ತುಂಬ 'ಆಕಾಶದ ಬೇಟೆ' ಕಥೆಗಳಿವೆ. ಅವು ಹೆಚ್ಚಾಗಿ ನಡೆಯುವುದೂ ಕ್ರಿಸ್‌ಮಸ್ಸಿನ ಆಸುಪಾಸಿನ ದೀರ್ಘ ರಾತ್ರಿಗಳಲ್ಲೇ.

ಹಾಗಂತ ವಾರ್ಮಿನ್‌ಸ್ಟರ್‌ನ ಮಹಿಳೆ ಕೇಳಿದ್ದು ಬಾತುಗಳ ಕೂಗು ಎಂದು ನಾನು ಹೇಳುತ್ತಿಲ್ಲ. ಬಾತು ಕೂಗಿದರೆ ಹೆಂಚು ಕಿತ್ತಂತೆ ಕೇಳುವುದಿಲ್ಲ. ಚಳಿಗಾಲದ ಮುಂಜಾನೆ ನೆಲದ ಹತ್ತಿರದ ಗಾಳಿ ತಣ್ಣಗಿದ್ದು, ಮೇಲಿನ ಪದರ ಬೆಚ್ಚಗಿರುವುದುಂಟು. ಅಂಥ ಹೊತ್ತಿನಲ್ಲಿ ಮೇಲಕ್ಕೆ ಹೋಗಬೇಕಾದ ಶಬ್ದ ಬಾಗಿ ಕೆಳಗೆ ಬರುತ್ತದೆ. ಹತ್ತಾರು ಕಿಲೋಮೀಟರ್ ಆಚೆಯ ಸದ್ದು ನೆತ್ತಿಯ ಮೇಲೇ ಆದಂತೆ ಕೇಳಿಸಬಹುದು. ಆದರೆ ಮೂಲ ಸದ್ದು ಯಾವುದು ಎಂಬುದಕ್ಕೆ ಎಲ್ಲರೂ ಒಪ್ಪಿದ ಉತ್ತರ ಇಂದಿಗೂ ಇಲ್ಲ. ಹಕ್ಕಿಗಳ ಮಾತು ಎತ್ತಿದ್ದು ಬೇರೆ ಕಾರಣಕ್ಕೆ. ನೂರು ವರ್ಷ ಮೊದಲಾಗಿದ್ದರೆ ಇದೇ ಸದ್ದು ನಾಯಿಗಳ ಹಿಂಡಾಗುತ್ತಿತ್ತು. 1964ರಲ್ಲಿ ಅದು ಬೇರೇನೋ ಆಗಬೇಕಿತ್ತು.

ಪತ್ರಿಕೆಗೆ ಬಂದ ಮೇಲೆ

ಇಲ್ಲಿ ಆರ್ಥರ್ ಶಟಲ್‌ವುಡ್ ಬರುತ್ತಾರೆ. ಊರಿನ ವಾರಪತ್ರಿಕೆ 'ವಾರ್ಮಿನ್‌ಸ್ಟರ್ ಜರ್ನಲ್'ನ ಪತ್ರಕರ್ತರು. ಜನ ತಮಗಾದ ಅನುಭವಗಳನ್ನು ಇವರ ಹತ್ತಿರ ಹೇಳಿಕೊಳ್ಳತೊಡಗಿದರು. ಸದ್ದು ಕೇಳಿದ್ದು, ನಾಯಿ ಬೆದರಿದ್ದು, ಪಕ್ಕದ ಕ್ರಾಕರ್ಟನ್ ಬಳಿ ಪಾರಿವಾಳಗಳು ಸತ್ತು ಬಿದ್ದಿದ್ದು. ಎಲ್ಲದಕ್ಕೂ ಸೇರಿ ಒಂದೇ ಹೆಸರು ಹುಟ್ಟಿತು: 'ದಿ ಥಿಂಗ್'. ಏನೆಂದು ಹೇಳಲಾಗದ 'ಅದು'.

ಈ ಹೆಸರು ಮಾಡಿದ ಕೆಲಸ ಸಣ್ಣದಲ್ಲ. ಮೊದಲು ಬೇರೆ ಬೇರೆ ಘಟನೆಗಳಿದ್ದವು. ಒಬ್ಬರಿಗೆ ಛಾವಣಿಯ ಸದ್ದು, ಒಬ್ಬರಿಗೆ ಮೈಮೇಲೆ ಒತ್ತಡ, ಇನ್ನೊಬ್ಬರಿಗೆ ಸತ್ತ ಹಕ್ಕಿ. ಇವುಗಳ ಕಾರಣ ಬೇರೆ ಬೇರೆ ಇರಬಹುದಿತ್ತು. ಹೆಸರು ಬಂದ ಮೇಲೆ ಎಲ್ಲವೂ ಒಂದರದ್ದೇ ಕಿತಾಪತಿಯಾದವು. ಅಲ್ಲಿಂದ ಮುಂದೆ ಯಾರಿಗೆ ಏನು ವಿಚಿತ್ರ ಅನಿಸಿದರೂ ಅದಕ್ಕೊಂದು ಖಾನೆ ಸಿದ್ಧವಾಗಿತ್ತು. ಹಿಂದೆ ಆಗಿ ಮರೆತುಹೋದದ್ದೂ ನೆನಪಿಗೆ ಬರತೊಡಗಿತು.

1965ರ ಬೇಸಗೆಯ ಹೊತ್ತಿಗೆ ಸದ್ದಿಗೆ ರೂಪ ಬಂತು. ಜೂನ್ ಆರಂಭದಲ್ಲಿ ಪಕ್ಕದ ಹೇಟ್ಸ್‌ಬರಿಯ ಪಾದ್ರಿಯ ಮನೆಯವರು ಆಕಾಶದಲ್ಲಿ ಚುಟ್ಟಾ ಆಕಾರದ ಹೊಳೆಯುವ ವಸ್ತು ನೋಡಿದೆವೆಂದರು. ಅದೇ ಸಂಜೆ ಶಿಯರ್‌ವಾಟರ್ ಕೆರೆಯ ದಂಡೆಯಲ್ಲಿದ್ದವರೂ ನೋಡಿದರು. ಆಮೇಲೆ ಕಿತ್ತಳೆ ಬಣ್ಣದ ಬೆಂಕಿಯುಂಡೆಗಳು, ಮಿನುಗುವ ದೀಪಗಳು, ಕೊನೆಗೆ ತಟ್ಟೆಗಳು. ಕಿವಿಯಿಂದ ಕಣ್ಣಿಗೆ ನಡೆದ ಈ ಪಯಣವನ್ನು ಗಮನಿಸಿ. ಮೊದಲು ಯಾರೂ ನೋಡಿರದ ಸಂಗತಿ, ಆರೇ ತಿಂಗಳಲ್ಲಿ ಸಿನಿಮಾ ಮತ್ತು ಪತ್ರಿಕೆಗಳು ಆಗಲೇ ಪರಿಚಯಿಸಿದ್ದ ಆಕಾರಗಳಿಗೇ ಬಂದು ನಿಂತಿತು. 'ಹಾರುವ ತಟ್ಟೆ' ಎಂಬ ಮಾತು 1947ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. 1965ರ ಹೊತ್ತಿಗೆ ಇಂಗ್ಲೆಂಡಿನ ಮಕ್ಕಳಿಗೂ ಅದರ ಚಿತ್ರ ಬರೆಯಲು ಬರುತ್ತಿತ್ತು.

ಆಗಸ್ಟ್ ತಿಂಗಳಲ್ಲಿ ಊರಿನ ಕೌನ್ಸಿಲ್ ಅಧ್ಯಕ್ಷರು ಟೌನ್ ಹಾಲ್‌ನಲ್ಲಿ ಸಾರ್ವಜನಿಕ ಸಭೆ ಕರೆದರು. ಜನರ ಆತಂಕ ಕಡಿಮೆ ಮಾಡುವುದು ಉದ್ದೇಶ. ಆದದ್ದು ಉಲ್ಟಾ. ಟಿವಿಯವರು ಬಂದರು, ಲಂಡನ್ ಪತ್ರಿಕೆಗಳು ಬಂದವು, ತಿಂಗಳ ಕೊನೆಯ ಬ್ಯಾಂಕ್ ರಜೆಗೆ ಹೊರಗಿನಿಂದ ಸಾವಿರಾರು ಜನ ಬಂದು ಇಳಿದರು. ಅದೇ ವೇಳೆಗೆ ಊರಿನ ಯುವಕನೊಬ್ಬ ತೆಗೆದ ಮಸುಕಾದ ಫೋಟೋ ಸೆಪ್ಟೆಂಬರಿನಲ್ಲಿ 'ಡೈಲಿ ಮಿರರ್'ನಲ್ಲಿ ಅಚ್ಚಾಯಿತು. ಮೇಲೆ ಗುಮ್ಮಟ, ಕೆಳಗೆ ತಟ್ಟೆ. ಅದು ತಮಾಷೆಗೆ ಮಾಡಿದ ಪುಟ್ಟ ಮಾದರಿ ಎಂಬ ಹೇಳಿಕೆ ದಶಕಗಳ ನಂತರ ಬಂತು. ಅಷ್ಟು ಹೊತ್ತಿಗೆ ಫೋಟೋ ತನ್ನ ಕೆಲಸ ಮುಗಿಸಿತ್ತು. ಅಲ್ಲಿಯವರೆಗೆ ಹತ್ತಾರು ಆಕಾರದಲ್ಲಿದ್ದ 'ಅದಕ್ಕೆ' ಈಗ ಅಧಿಕೃತ ಮುಖ ಸಿಕ್ಕಿತ್ತು.

ಶಟಲ್‌ವುಡ್ ಮೊದಮೊದಲು ತಾನು ನಂಬಿರಲಿಲ್ಲ ಎಂದೇ ಹೇಳಿಕೊಂಡಿದ್ದಾರೆ. ಅದೇ ವರ್ಷ ತಾನೂ ಕಣ್ಣಾರೆ ಕಂಡೆ ಎಂದರು. ಆಮೇಲೆ ಈ ವಿಷಯದ ಮೇಲೆ ಒಂದರ ಹಿಂದೆ ಒಂದು ಪುಸ್ತಕ ಬರೆದರು, ಗುಡ್ಡದ ಮೇಲೆ ಬಂದವರಿಗೆ ದಾರಿ ತೋರಿಸಿದರು, ಕಥೆ ಹೇಳಿದರು. ಹಾಗೆ ನೋಡಿದರೆ ಇವರು ಹೊಸ ಕಾಲದ ಊರ ಕಥೆಗಾರ. ವ್ಯತ್ಯಾಸ ಇಷ್ಟೇ: ಹಳೆಯ ಕಥೆಗಾರನ ಮಾತು ಊರ ಗಡಿಯವರೆಗೆ ಹೋಗುತ್ತಿತ್ತು, ಇವರದ್ದು ಅಚ್ಚಾಗಿ ದೇಶದಾಚೆಗೂ ಹೋಯಿತು. ಇವರನ್ನು ಮೋಸಗಾರ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಕೇಳಿದ್ದಕ್ಕೆಲ್ಲ ಬಣ್ಣ ಹಚ್ಚುವ ಚಟ ಇತ್ತು ಅನ್ನುವುದು ಮಾತ್ರ ಅವರ ಬರಹದ ಧಾಟಿಯಲ್ಲೇ ಗೊತ್ತಾಗುತ್ತದೆ.

ಗುಡ್ಡದ ಮೇಲೆ ನಿಂತರೆ ಏನು ಕಾಣುತ್ತದೆ?

ಜನ ಸೇರುತ್ತಿದ್ದ ಮುಖ್ಯ ಜಾಗ ಕ್ರೇಡಲ್ ಹಿಲ್. ಊರಂಚಿನಲ್ಲೇ ಇರುವ ಗುಡ್ಡ. ಮೇಲೆ ಒಂದು ಗೇಟು, ಅದರಾಚೆ ಸೈನ್ಯದ ಜಮೀನು. ಅಂದರೆ ಹಾರುವ ತಟ್ಟೆ ನೋಡಲು ಬಂದವರು ರಾತ್ರಿಯಿಡೀ ಮುಖ ಮಾಡಿ ನಿಂತಿದ್ದು ಬ್ರಿಟನ್ನಿನ ಅತಿ ದೊಡ್ಡ ಗುಂಡು ಹಾರಿಸುವ ಮೈದಾನದ ಕಡೆಗೆ. ಈ ಒಂದು ಸಂಗತಿ ಗೊತ್ತಾದರೆ ಅರ್ಧ ಗಂಟು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ರಾತ್ರಿ ತರಬೇತಿಯಲ್ಲಿ ಸೈನ್ಯ 'ಫ್ಲೇರ್' ಎಂಬ ಬೆಳಕಿನ ಗುಂಡುಗಳನ್ನು ಹಾರಿಸುತ್ತದೆ. ಮೇಲೆ ಹೋಗಿ ಹೊತ್ತಿಕೊಂಡು, ಸಣ್ಣ ಪ್ಯಾರಾಚೂಟಿಗೆ ನೇತುಬಿದ್ದು ನಿಧಾನವಾಗಿ ಇಳಿಯುತ್ತವೆ. ಉರಿಯುವಾಗ ಹೊಮ್ಮುವ ಬಿಸಿಗಾಳಿ ಪ್ಯಾರಾಚೂಟನ್ನು ಮೇಲಕ್ಕೆ ಒತ್ತುವುದರಿಂದ ದೂರದಿಂದ ನೋಡಿದರೆ ಅವು ಇಳಿಯುವುದೇ ಇಲ್ಲ, ಸುಮ್ನೆ ತೇಲುತ್ತಿವೆ ಅನಿಸುತ್ತದೆ. ಬಣ್ಣ ಹೆಚ್ಚಾಗಿ ಕಿತ್ತಳೆ ಕಡೆಗೆ. ಸಾಲಾಗಿ ಹಾರಿಸಿದರೆ ಒಂದೇ ದೊಡ್ಡ ವಸ್ತುವಿನ ಕಿಟಕಿಗಳಂತೆ ಕಾಣುತ್ತವೆ. ಒಂದೊಂದಾಗಿ ಆರಿದರೆ 'ಅದು' ಮಾಯವಾಯಿತು ಎನ್ನಬಹುದು. ಸುತ್ತ ಕತ್ತಲು ಇರುವುದರಿಂದ ಎಷ್ಟು ದೂರ ಎಂದು ಅಂದಾಜು ಸಿಗುವುದಿಲ್ಲ. ದೂರ ಗೊತ್ತಿಲ್ಲದಿದ್ದರೆ ಗಾತ್ರವೂ ಗೊತ್ತಾಗುವುದಿಲ್ಲ, ವೇಗವೂ ಗೊತ್ತಾಗುವುದಿಲ್ಲ. ಆಕಾಶದ ಬೆಳಕಿನ ಬಗ್ಗೆ ಸಾಕ್ಷಿಗಳು ಹೇಳುವ 'ಇಷ್ಟು ದೊಡ್ಡದಿತ್ತು, ಅಷ್ಟು ವೇಗವಾಗಿ ಹೋಯಿತು' ಎಂಬ ಮಾತಿನ ಕಷ್ಟ ಇರುವುದು ಇಲ್ಲೇ. ಅವರು ಸುಳ್ಳು ಹೇಳುತ್ತಿಲ್ಲ. ಅಳೆಯಲು ಬೇಕಾದ ಒಂದು ಅಂಕಿ ಯಾರ ಹತ್ತಿರವೂ ಇರುವುದಿಲ್ಲ.

ಊರಿನವರಿಗೆ ಫ್ಲೇರ್ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೊರಗಿನಿಂದ ಬಂದವರಿಗೆ ಅಷ್ಟು ಗೊತ್ತಿರಲಿಲ್ಲ. ಮತ್ತೆ, ದಿನವೂ ನೋಡುವ ಬೆಳಕನ್ನು ಊರಿನವರು ತಲೆಯೆತ್ತಿ ನೋಡುವುದಿಲ್ಲ, ನೋಡಲೆಂದೇ ಬಂದವರು ಒಂದನ್ನೂ ಬಿಡುವುದಿಲ್ಲ.

ಆ ವರ್ಷಗಳ ಆಕಾಶದಲ್ಲಿ ಇನ್ನೊಂದು ಹೊಸತು ಇತ್ತು. ಅಮೆರಿಕ 1960ರಲ್ಲಿ 'ಎಕೋ 1' ಮತ್ತು 1964ರ ಜನವರಿಯಲ್ಲಿ 'ಎಕೋ 2' ಎಂಬ ಉಪಗ್ರಹಗಳನ್ನು ಹಾರಿಸಿತ್ತು. ಅವು ನಿಜಕ್ಕೂ ದೈತ್ಯ ಬಲೂನುಗಳು. ಮೊದಲನೆಯದರ ಅಡ್ಡಳತೆ ಸುಮಾರು 30 ಮೀಟರ್, ಎರಡನೆಯದ್ದು ಸುಮಾರು 41 ಮೀಟರ್. ಮೈಗೆಲ್ಲ ಅಲ್ಯೂಮಿನಿಯಂ ಲೇಪ. ರಾತ್ರಿ ಹೊಳೆಯುವ ನಕ್ಷತ್ರದಷ್ಟೇ ಪ್ರಖರವಾಗಿ, ಸದ್ದಿಲ್ಲದೆ ಆಕಾಶ ದಾಟುತ್ತಿದ್ದವು. ಭೂಮಿಯ ನೆರಳಿಗೆ ಹೋದ ತಕ್ಷಣ ನಡು ಆಕಾಶದಲ್ಲೇ ಮಂಕಾಗಿ ಮಾಯ. ಉಪಗ್ರಹ ಎಂದರೇನು ಎಂದೇ ಜನ ಆಗಷ್ಟೇ ಕಲಿಯುತ್ತಿದ್ದ ಕಾಲ. 2019ರ ನಂತರ ಸ್ಟಾರ್‌ಲಿಂಕ್ ಉಪಗ್ರಹಗಳ ಸಾಲು ದೀಪ ನೋಡಿ ಇಡೀ ಜಗತ್ತು ಫೋನ್ ಮಾಡಿ ವಿಚಾರಿಸಿತು, ಅಲ್ವಾ? ಆಗ ಮೊಬೈಲ್ ಇರಲಿಲ್ಲ, ಗುಡ್ಡದ ಮೇಲೆ ಪಕ್ಕದಲ್ಲಿ ನಿಂತವರನ್ನೇ ಕೇಳಬೇಕಿತ್ತು.

ಪಕ್ಕದವರನ್ನು ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಮನಃಶಾಸ್ತ್ರದಲ್ಲಿ ಒಂದು ಹಳೆಯ, ಒಳ್ಳೆಯ ಪ್ರಯೋಗವಿದೆ. ಪೂರ್ತಿ ಕತ್ತಲೆಯಲ್ಲಿ ಒಂದೇ ಒಂದು ಸಣ್ಣ ಬೆಳಕಿನ ಚುಕ್ಕೆ ಇಟ್ಟು ದಿಟ್ಟಿಸಿದರೆ ಅದು ಅಲುಗಾಡುತ್ತಿರುವಂತೆ ಕಾಣುತ್ತದೆ. ಚುಕ್ಕೆ ನಿಂತಲ್ಲೇ ಇರುತ್ತದೆ. ಹೋಲಿಸಿ ನೋಡಲು ಸುತ್ತ ಬೇರೇನೂ ಇಲ್ಲದಿರುವುದರಿಂದ ನಮ್ಮ ಕಣ್ಣು ಮತ್ತು ಮೆದುಳು ಸೇರಿ ಚಲನೆಯನ್ನು ಹುಟ್ಟಿಸುತ್ತವೆ. 1935ರಲ್ಲಿ ಮುಜಫರ್ ಶರೀಫ್ ಎಂಬ ಮನಃಶಾಸ್ತ್ರಜ್ಞರು ಇದನ್ನೇ ಬಳಸಿಕೊಂಡು ಒಂದು ಪ್ರಯೋಗ ಪ್ರಕಟಿಸಿದರು. ಚುಕ್ಕೆ ಎಷ್ಟು ಇಂಚು ಸರಿಯಿತು ಎಂದು ಒಬ್ಬೊಬ್ಬರನ್ನೇ ಕೇಳಿದಾಗ ಒಬ್ಬೊಬ್ಬರದ್ದು ಒಂದೊಂದು ಉತ್ತರ. ಗುಂಪಿನಲ್ಲಿ ಕೂರಿಸಿ ಎಲ್ಲರಿಗೂ ಕೇಳುವಂತೆ ಹೇಳಿಸಿದಾಗ ಉತ್ತರಗಳು ನಿಧಾನಕ್ಕೆ ಹತ್ತಿರ ಬಂದು ಒಂದೇ ಅಳತೆಗೆ ಸೇರಿದವು. ಆಮೇಲೆ ಮತ್ತೆ ಒಬ್ಬರೇ ಕುಳಿತಾಗಲೂ ಜನ ಆ ಗುಂಪಿನ ಅಳತೆಯನ್ನೇ ಹೇಳಿದರು. ಯಾರೂ ಒತ್ತಾಯ ಮಾಡಿರಲಿಲ್ಲ. ಅವರಿಗೆ ನಿಜಕ್ಕೂ ಹಾಗೇ ಕಂಡಿತ್ತು.

ಈಗ ಆ ಕತ್ತಲ ಕೋಣೆಯ ಬದಲು ಕ್ರೇಡಲ್ ಹಿಲ್ ಊಹಿಸಿಕೊಳ್ಳಿ. ಚಳಿ, ನಿದ್ದೆಗಣ್ಣು, ಮೂವತ್ತು ನಲವತ್ತು ಜನ, ಎಲ್ಲರೂ ಒಂದೇ ಆಸೆಯಿಂದ ಬಂದವರು. 'ಅಗೋ, ಬಲಕ್ಕೆ ತಿರುಗಿತು' ಎಂದು ಒಬ್ಬರು ಕೂಗಿದರೆ ಸಾಕು.

1970ರ ಈಸ್ಟರ್ ರಾತ್ರಿ

ಇಷ್ಟೆಲ್ಲ ವಿವರಣೆ ಕೇಳಿದ ಮೇಲೂ ನಂಬುವವರಿಗೆ ಒಂದು ಮಾತು ಉಳಿಯುತ್ತದೆ: ಗುಡ್ಡದ ಮೇಲಿದ್ದವರೇನು ಎಳಸಲ್ಲ, ಅನುಭವಿ ವೀಕ್ಷಕರೂ ಇದ್ದರು. ಇದನ್ನು ಪರೀಕ್ಷಿಸಿ ನೋಡಿಯೇ ಬಿಡೋಣ ಎಂದು ಹೊರಟವರು ಡೇವಿಡ್ ಸಿಂಪ್ಸನ್ ಎಂಬ ಭೌತವಿಜ್ಞಾನಿ ಮತ್ತು ಅವರ ಗೆಳೆಯರು. ನನ್ನ ಪ್ರಕಾರ ಇಡೀ ವಾರ್ಮಿನ್‌ಸ್ಟರ್ ಕಥೆಯಲ್ಲಿ ಅತಿ ಬೆಲೆಬಾಳುವ ಭಾಗ ಇದು.

1970ರ ಮಾರ್ಚ್ 28, ಈಸ್ಟರ್ ಹಿಂದಿನ ಶನಿವಾರ. ಗುಡ್ಡದ ಮೇಲೆ ಎಂದಿನಂತೆ ಜನ ಸೇರಿದ್ದರು. ರಾತ್ರಿ ಹನ್ನೊಂದರ ಹೊತ್ತಿಗೆ ಎದುರಿನ ಇನ್ನೊಂದು ಗುಡ್ಡದ ಕಡೆ ನೇರಳೆ ಬಣ್ಣದ ಬೆಳಕೊಂದು ಹೊತ್ತಿಕೊಂಡಿತು, ಆರಿತು, ಮತ್ತೆ ಹೊತ್ತಿಕೊಂಡಿತು. ಅದು ಸಿಂಪ್ಸನ್ ತಂಡದವರು ನೆಲದ ಮೇಲೆ ಇಟ್ಟಿದ್ದ ದೀಪ. ಗುಂಪಿನೊಳಗೆ ಅವರದ್ದೇ ಒಬ್ಬ ನಿಂತಿದ್ದ. ಕಾಂತಕ್ಷೇತ್ರ ಪತ್ತೆಹಚ್ಚುವ ಯಂತ್ರ ಎಂದು ಅವನ ಹತ್ತಿರ ಒಂದು ಡಬ್ಬ. ಅದೂ ಸುಳ್ಳು, ಬೇಕಾದಾಗ ಗುಂಯ್ ಎನ್ನುತ್ತಿತ್ತು. ಅವನೇ ಕ್ಯಾಮೆರಾದಲ್ಲಿ ಫೋಟೋ ತೆಗೆದಂತೆ ಮಾಡಿದ. ಆದರೆ ಆ ರೀಲಿನಲ್ಲಿ ಕೆಲವು ಚಿತ್ರಗಳನ್ನು ಮೊದಲೇ ತಯಾರು ಮಾಡಿಟ್ಟಿದ್ದರು. ಬೇಕೆಂದೇ ಆ ಚಿತ್ರಗಳಲ್ಲಿನ 'ವಸ್ತು' ಜನ ನೋಡಿದ ಬೆಳಕಿಗೆ ಹೊಂದದ ಹಾಗೆ ಇಟ್ಟಿದ್ದರು. ನಿಜವಾಗಿ ಪರಿಶೀಲಿಸಿದರೆ ಯಾರಾದರೂ ಹಿಡಿಯಲೇಬೇಕು, ಹಾಗೆ.

ಯಾರೂ ಹಿಡಿಯಲಿಲ್ಲ. ಚಿತ್ರಗಳು ಆ ಕಾಲದ ಹೆಸರಾಂತ ಯುಎಫ್‌ಒ ಪತ್ರಿಕೆ 'ಫ್ಲೈಯಿಂಗ್ ಸಾಸರ್ ರಿವ್ಯೂ' ಕೈಸೇರಿದವು. ಅಲ್ಲಿನ ಪರಿಣತರು ನೋಡಿ ಅಸಲಿ ಎಂದೇ ತೆಗೆದುಕೊಂಡರು, ಅದರ ಮೇಲೆ ಲೇಖನಗಳು ಬಂದವು, ವಿಶ್ಲೇಷಣೆಗಳು ನಡೆದವು. ಎರಡು ವರ್ಷಕ್ಕೂ ಜಾಸ್ತಿ ಹೊತ್ತು ಆಟ ನಡೆಯಲು ಬಿಟ್ಟು, ಕೊನೆಗೆ ಸಿಂಪ್ಸನ್ ತಂಡವೇ ನಿಜ ಹೇಳಿತು.

ಜನ ಮೋಸ ಹೋದರು ಎಂದು ನಗುವುದು ಸುಲಭ. ಯಾರಾದರೂ ಹೋಗುತ್ತಿದ್ದರು ಬಿಡಿ. ಕಲಿಯಬೇಕಾದದ್ದು ಬೇರೆ. ನೇರಳೆ ದೀಪ ನೋಡಿದವರ ವಿವರಣೆ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ತಪ್ಪು ನಡೆದದ್ದು ಮುಂದಿನ ಹೆಜ್ಜೆಯಲ್ಲಿ, ಅಂದರೆ ಸಾಕ್ಷ್ಯವನ್ನು ತೂಗಿ ನೋಡಬೇಕಾದವರ ಮೇಜಿನ ಮೇಲೆ. ಕಣ್ಣಿಗೆ ಕಂಡದ್ದು ಒಂದು, ಫೋಟೋದಲ್ಲಿದ್ದದ್ದು ಇನ್ನೊಂದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಕೆಲಸವನ್ನು ಯಾರೂ ಮಾಡಲಿಲ್ಲ. ಗುಡ್ಡದ ಮೇಲಿನ ಸಾಮಾನ್ಯ ಜನರಿಗಿಂತ ಪರಿಣತರೆನಿಸಿಕೊಂಡವರ ನಂಬಿಕೆಯೇ ಗಟ್ಟಿಯಾಗಿತ್ತು.

ಹಳೆಯ ಗುಡ್ಡ, ಹೊಸ ಅತಿಥಿ

ವಾರ್ಮಿನ್‌ಸ್ಟರ್‌ನ ಪಶ್ಚಿಮಕ್ಕೆ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ ಕ್ಲೈ ಹಿಲ್ ಇದೆ. 244 ಮೀಟರ್ ಎತ್ತರ. ಬಯಲಿನಿಂದ ಬೇರೆಯಾಗಿ ಒಂಟಿಯಾಗಿ ನಿಂತ ಗುಡ್ಡ, ಮೇಲೆ ಕಬ್ಬಿಣ ಯುಗದ ಕೋಟೆಯ ಕುರುಹು. ತಟ್ಟೆ ನೋಡುವವರಿಗೆ ಇದೂ ಇಷ್ಟದ ಜಾಗ. ಆದರೆ ಇದಕ್ಕೆ ಅವರಿಗಿಂತ ಬಹಳ ಹಿಂದಿನಿಂದಲೂ ಒಂದು ಕಥೆ ಇದೆ.

ಡಿವೈಸಿಸ್ ಎಂಬ ಊರಿನ ಜನ ಸೈತಾನನಿಗೆ ಏನೋ ಅವಮಾನ ಮಾಡಿದರಂತೆ. ಸಿಟ್ಟಿಗೆದ್ದ ಸೈತಾನ ಊರನ್ನೇ ಮುಚ್ಚಿಬಿಡುತ್ತೇನೆಂದು ದೊಡ್ಡ ಮಣ್ಣಿನ ಗುಡ್ಡೆಯೊಂದನ್ನು ಬೆನ್ನಿಗೇರಿಸಿಕೊಂಡು ಹೊರಟ. ದಾರಿಯಲ್ಲಿ ಒಬ್ಬ ಮುದುಕ ಸಿಕ್ಕಿದ. 'ಡಿವೈಸಿಸ್ ಎಷ್ಟು ದೂರ?' ಎಂದು ಸೈತಾನ ಕೇಳಿದ. 'ಅದನ್ನೇ ನಾನೂ ಕೇಳೋಣ ಅಂತಿದ್ದೆ. ಹೊರಟಾಗ ನನ್ನ ಗಡ್ಡ ಕಪ್ಪಗಿತ್ತು. ಈಗ ನೋಡು, ಬೆಳ್ಳಗಾಗಿದೆ. ಇನ್ನೂ ಊರು ಸಿಕ್ಕಿಲ್ಲ' ಎಂದ ಮುದುಕ. ಇಷ್ಟು ದೂರ ಯಾರು ಹೊರುತ್ತಾರೆ ಎಂದು ಸೈತಾನ ಗುಡ್ಡೆಯನ್ನು ಅಲ್ಲೇ ಕೆಡವಿ ಹೋದ. ಅದೇ ಕ್ಲೈ ಹಿಲ್.

ಇದೇ ಕಥೆ ಇಂಗ್ಲೆಂಡಿನಲ್ಲಿ ಬೇರೆ ಕಡೆಯೂ ಸಿಗುತ್ತದೆ. ಶ್ರಾಪ್‌ಶರ್‌ನ ರೀಕಿನ್ ಬೆಟ್ಟಕ್ಕೆ ಹೇಳುವಾಗ ಸೈತಾನನ ಬದಲು ದೈತ್ಯ, ಮುದುಕನ ಬದಲು ಸವೆದ ಬೂಟುಗಳ ಮೂಟೆ ಹೊತ್ತ ಚಮ್ಮಾರ. ಜನಪದ ಕಥೆಗಳು ಹೀಗೇ. ಕಥೆಯ ಅಸ್ಥಿಪಂಜರ ಊರಿಂದೂರಿಗೆ ನಡೆದು ಹೋಗುತ್ತದೆ, ಹೋದಲ್ಲಿ ಕಣ್ಣಿಗೆ ಬಿದ್ದ ಗುಡ್ಡಕ್ಕೆ ಅಂಟಿಕೊಳ್ಳುತ್ತದೆ. ಒಂಟಿಯಾಗಿ ಎದ್ದು ನಿಂತ ಗುಡ್ಡ 'ನಾನೇಕೆ ಇಲ್ಲಿದ್ದೇನೆ' ಎಂದು ಕೇಳುತ್ತಿರುವಂತೆ ಕಾಣುತ್ತದೆ. ಅದಕ್ಕೊಂದು ಉತ್ತರ ಬೇಕಾಗುತ್ತದೆ. ಹಾರುವ ತಟ್ಟೆಯ ಕಥೆ ಬಂದು ಕೂತದ್ದೂ ಅದೇ ಗುಡ್ಡಗಳ ಮೇಲೆ. ಮನೆ ಹಳೆಯದು, ಬಾಡಿಗೆದಾರ ಬದಲಾದ ಅಷ್ಟೇ.

ಇದಕ್ಕೆ 1960ರ ದಶಕ ಇನ್ನೊಂದು ಹೊಸ ಎಳೆ ಸೇರಿಸಿತು. 1921ರಲ್ಲಿ ಆಲ್ಫ್ರೆಡ್ ವಾಟ್ಕಿನ್ಸ್ ಎಂಬ ಹೆರೆಫರ್ಡ್‌ಶರ್‌ನವರು ನಕ್ಷೆ ನೋಡುತ್ತಾ ಒಂದು ಮಾತು ಹೇಳಿದ್ದರು: ಹಳೆಯ ದಿಬ್ಬ, ನಿಲುಗಲ್ಲು, ಚರ್ಚು, ಕೋಟೆ ಎಲ್ಲ ನೇರ ಗೆರೆಗಳಲ್ಲಿ ಕೂತಿವೆ, ಇವು ಪುರಾತನ ಕಾಲ್ದಾರಿಗಳು. ಅವುಗಳಿಗೆ 'ಲೇ' ಎಂದರು. ವಾಟ್ಕಿನ್ಸ್‌ಗೆ ಅದರಲ್ಲಿ ಮಾಯ ಮಂತ್ರ ಏನೂ ಇರಲಿಲ್ಲ, ಬರೀ ರಸ್ತೆ. 1960ರ ದಶಕದ ಆರಂಭದಲ್ಲಿ ಟೋನಿ ವೆಡ್ ಎಂಬ ಮಾಜಿ ವಾಯುಪಡೆ ಪೈಲಟ್ ಇದನ್ನು ಹಾರುವ ತಟ್ಟೆಗಳ ದಾರಿಗೆ ಜೋಡಿಸಿದರು. ಗೆರೆಗಳು ರಸ್ತೆಯಿಂದ ಶಕ್ತಿಯ ಹರಿವಾದವು. ವಾರ್ಮಿನ್‌ಸ್ಟರ್ ಅಂಥ ಗೆರೆಗಳು ಕೂಡುವ ಜಾಗ ಎಂಬ ಮಾತು ಹುಟ್ಟಲು ತಡವಾಗಲಿಲ್ಲ. ಇದರ ಲೆಕ್ಕ ಸರಳ. ನಕ್ಷೆಯ ಮೇಲೆ ಚುಕ್ಕೆಗಳು ಜಾಸ್ತಿ ಇದ್ದರೆ, ನಾಲ್ಕೈದು ಚುಕ್ಕೆ ಮುಟ್ಟುವ ನೇರ ಗೆರೆಗಳು ತಾವಾಗಿಯೇ ಸಿಗುತ್ತವೆ. ವಿಲ್ಟ್‌ಶರ್‌ನಲ್ಲಿ ಪುರಾತನ ದಿಬ್ಬಗಳಿಗೆ ಬರವಿಲ್ಲ. ಗೆರೆ ಎಳೆಯಲು ಇದಕ್ಕಿಂತ ಅನುಕೂಲದ ನಕ್ಷೆ ಎಲ್ಲಿ ಸಿಗಬೇಕು?

ಕಥೆ ಎಲ್ಲಿಯವರೆಗೆ ಹೋಯಿತೆಂದರೆ, ತನಗೆ 'ಏನ್‌ಸ್ಟ್ರಿಯಾ' ಎಂಬ ಗ್ರಹದವರಿಂದ ಫೋನ್ ಬರುತ್ತಿದೆ ಎಂದು ಶಟಲ್‌ವುಡ್ ಬರೆದರು. ಮನುಷ್ಯರು ದಾರಿ ತಪ್ಪಿದ್ದಾರೆ, ಎಚ್ಚರ ಎಂಬ ಸಂದೇಶಗಳು. ಕರೆಗಳು ಊರಿನ ಸಾರ್ವಜನಿಕ ಫೋನ್ ಬೂತ್‌ನಿಂದಲೇ ಬರುತ್ತಿದ್ದವಂತೆ. ಗ್ರಹ ದಾಟಿ ಬಂದವರು ಚಿಲ್ಲರೆ ಕಾಸು ಎಲ್ಲಿಂದ ತರುತ್ತಿದ್ದರೋ! ಇದನ್ನು ಓದಿದಾಗ ನನಗೆ ನೆನಪಾಗುವುದು ವಿಲ್ಟ್‌ಶರ್‌ನವರಿಗೆ ಇರುವ ಹಳೆಯ ಅಡ್ಡಹೆಸರು, 'ಮೂನ್‌ರೇಕರ್ಸ್', ಅಂದರೆ ಚಂದ್ರನನ್ನು ಗೋರುವವರು. ಕಳ್ಳಸಾಗಣೆಯ ಬ್ರಾಂದಿ ಪೀಪಾಯಿಗಳನ್ನು ಕೊಳದಲ್ಲಿ ಬಚ್ಚಿಟ್ಟು, ರಾತ್ರಿ ಗೋರುಕೋಲಿನಿಂದ ಎಳೆಯುತ್ತಿದ್ದವರು ಸುಂಕದವರ ಕೈಗೆ ಸಿಕ್ಕರು. 'ಏನು ಮಾಡ್ತಿದ್ದೀರಿ?' ಎಂದರೆ, ನೀರಿನಲ್ಲಿ ಕಾಣುವ ಚಂದ್ರನನ್ನು ತೋರಿಸಿ 'ಆ ಗಿಣ್ಣಿನ ಉಂಡೆ ತೆಗೀತಿದ್ದೀವಿ' ಎಂದರು. ಪೆದ್ದರು ಎಂದು ನಗುತ್ತಾ ಸುಂಕದವರು ಹೋದರು. ಹೊರಗಿನವರ ಮುಂದೆ ಪೆದ್ದರಂತೆ ನಟಿಸಿ ಒಳಗೊಳಗೇ ನಗುವುದು ಆ ಸೀಮೆಯವರಿಗೆ ಹೆಮ್ಮೆಯ ವಿಷಯ. ಶಟಲ್‌ವುಡ್‌ಗೆ ಬಂದ ಫೋನುಗಳ ಹಿಂದೆ ಅಂಥ ಯಾರೋ ಇದ್ದಿರಬಹುದು ಎಂಬುದು ನನ್ನ ಗುಮಾನಿ.

ಇಂಬರ್

ಫ್ಲೇರ್, ಬಲೂನು, ಕಣ್ಣಿನ ಭ್ರಮೆ ಇಷ್ಟರಿಂದಲೇ ಎಲ್ಲ ಅರ್ಥವಾಗುವುದಿಲ್ಲ. 'ಸೈನ್ಯ ಏನೋ ಮುಚ್ಚಿಡುತ್ತಿದೆ' ಎಂಬ ಮಾತು ಇಲ್ಲಿ ಅಷ್ಟು ಸುಲಭವಾಗಿ ಬೇರೂರಿದ್ದೇಕೆ ಎಂದು ತಿಳಿಯಲು ಇಂಬರ್ ಎಂಬ ಹಳ್ಳಿಯ ಕಥೆ ಗೊತ್ತಿರಬೇಕು.

ಸಾಲ್ಸ್‌ಬರಿ ಬಯಲಿನಲ್ಲಿ ಸೈನ್ಯ ಜಮೀನು ಕೊಳ್ಳಲು ಶುರುಮಾಡಿದ್ದು 1897ರಲ್ಲಿ. ನಿಧಾನಕ್ಕೆ ಇಂಬರ್ ಸುತ್ತಲಿನ ಹೊಲಗಳೆಲ್ಲ ಅದರ ಕೈಸೇರಿದವು. 1943ರ ನವೆಂಬರ್ 1ರಂದು ಹಳ್ಳಿಯವರನ್ನು ಶಾಲೆಯಲ್ಲಿ ಸೇರಿಸಿ, 47 ದಿನದಲ್ಲಿ ಊರು ಬಿಡಬೇಕು ಎಂದು ಹೇಳಲಾಯಿತು. ಯುರೋಪ್ ದಾಳಿಗೆ ಅಮೆರಿಕದ ಸೈನಿಕರು ತಯಾರಾಗಬೇಕಿತ್ತು. ಸುಮಾರು 150 ಜನ ಮನೆ ಬಿಟ್ಟು ಹೊರಟರು. ಯುದ್ಧ ಮುಗಿದ ಮೇಲೆ ವಾಪಸು ಬರುತ್ತೇವೆಂದು ಅವರು ನಂಬಿದ್ದರು. ಬರಲು ಬಿಡಲಿಲ್ಲ. 1961ರ ಜನವರಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ನಿಷೇಧಿತ ಪ್ರದೇಶದೊಳಗೆ ಹೋಗಿ ಪ್ರತಿಭಟಿಸಿದರು. ಫಲ ಸಿಗಲಿಲ್ಲ. ಇಂದಿಗೂ ವರ್ಷಕ್ಕೆ ಕೆಲವೇ ದಿನ ಅಲ್ಲಿನ ಚರ್ಚಿನ ಬಾಗಿಲು ಜನರಿಗೆ ತೆರೆಯುತ್ತದೆ.

ಆ ಪ್ರತಿಭಟನೆ ನಡೆದು ನಾಲ್ಕು ವರ್ಷ ಕೂಡ ಆಗಿರಲಿಲ್ಲ, 'ಅದು' ಸದ್ದು ಮಾಡಿತು. ಕ್ರೇಡಲ್ ಹಿಲ್ ಗೇಟಿನ ಆಚೆ ಇದ್ದದ್ದು ಇದೇ ನಿಷೇಧಿತ ಜಮೀನು. ಆ ಗೇಟಿನ ಹಿಂದೆ ಒಂದು ಇಡೀ ಹಳ್ಳಿ ಮಾಯವಾದದ್ದು ಕಟ್ಟುಕಥೆ ಅಲ್ಲ, ಊರಿನವರ ನೆಂಟರಿಷ್ಟರಿಗೆ ಆದದ್ದು. ಹಾಗಿರುವಾಗ ಅಲ್ಲಿ ಇನ್ನೇನೋ ಇದೆ ಎಂದರೆ ನಂಬದಿರುವುದು ಹೇಗೆ? ಯುಎಫ್‌ಒ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಂಬರ್ ಅನ್ನು ಅಡಿಟಿಪ್ಪಣಿಯಂತೆ ಮುಟ್ಟಿ ಹೋಗುತ್ತಾರೆ. ನನಗೆ ಅದೇ ನಡುಮನೆ ಅನಿಸುತ್ತದೆ.

ಆಯಾ ಕಾಲದ ಭಯ ಆಯಾ ಕಾಲದ ಆಕಾಶದಲ್ಲಿ ಕಾಣಿಸಿಕೊಳ್ಳುವುದು ಬ್ರಿಟನ್ನಿಗೆ ಹೊಸದೂ ಅಲ್ಲ. 1909ರಲ್ಲಿ ಜರ್ಮನಿಯ ಜೊತೆ ಯುದ್ಧ ಆಗುತ್ತದೆಂಬ ಆತಂಕ ಇದ್ದಾಗ, ದೇಶದ ಉದ್ದಗಲಕ್ಕೂ ಜನ ರಾತ್ರಿ ಹೊತ್ತು ಜರ್ಮನ್ ಹಡಗುಬಲೂನು, ಅಂದರೆ ಏರ್‌ಶಿಪ್ ನೋಡಿದೆವೆಂದರು, ಎಂಜಿನ್ ಸದ್ದು ಕೇಳಿದೆವೆಂದರು. ಆಗ ಜರ್ಮನಿಯ ಹಡಗುಬಲೂನುಗಳಿಗೆ ಅಷ್ಟು ದೂರ ಬಂದು ಹೋಗುವ ತಾಕತ್ತೇ ಇರಲಿಲ್ಲ. ಅದಕ್ಕೂ ಹಿಂದೆ ಜೌಗು ನೆಲದ ಮೇಲೆ ಅಲೆಯುವ ಬೆಳಕನ್ನು ಯಕ್ಷಿಣಿಯರ ದೀಪ ಎನ್ನುತ್ತಿದ್ದರು, ನಮ್ಮಲ್ಲಿ ಕೊಳ್ಳಿದೆವ್ವ ಎನ್ನುವ ಹಾಗೆ. ಯಕ್ಷಿಣಿಯರು ಮನುಷ್ಯರನ್ನು ದಿಬ್ಬದೊಳಗೆ ಕರೆದೊಯ್ಯುವ, ಅಲ್ಲಿ ಒಂದು ರಾತ್ರಿ ಕಳೆದು ಬಂದರೆ ಇಲ್ಲಿ ವರ್ಷಗಳೇ ಉರುಳಿರುವ ಕಥೆಗಳಿಗೂ, ಆಧುನಿಕ ಅಪಹರಣದ ಕಥೆಗಳಿಗೂ ಇರುವ ಹೋಲಿಕೆಯನ್ನು ಜಾಕ್ ವ್ಯಾಲೆ ಎಂಬ ಫ್ರೆಂಚ್ ಸಂಶೋಧಕರು 1960ರ ದಶಕದ ಕೊನೆಯಲ್ಲೇ ಎತ್ತಿ ತೋರಿಸಿದ್ದರು.

ಹಾಗಾದರೆ ಎಲ್ಲದಕ್ಕೂ ಉತ್ತರ ಸಿಕ್ಕಿದೆಯೇ? ಇಲ್ಲ. ಅಮೆರಿಕದ ವಾಯುಪಡೆ 1969ರಲ್ಲಿ ತನ್ನ 'ಬ್ಲೂ ಬುಕ್' ತನಿಖೆ ಮುಚ್ಚಿದಾಗ 12,618 ವರದಿಗಳಲ್ಲಿ 701 ಗುರುತು ಸಿಗದೆ ಉಳಿದಿದ್ದವು. ಗುರುತು ಸಿಗಲಿಲ್ಲ ಎಂದರೆ ಬೇರೆ ಗ್ರಹದ್ದು ಎಂದಲ್ಲ. ಎಷ್ಟೋ ಸಲ ಮಾಹಿತಿ ಸಾಲದು ಎಂದಷ್ಟೇ ಅರ್ಥ. ಬ್ರಿಟನ್ನಿನ ರಕ್ಷಣಾ ಇಲಾಖೆ 2009ರಲ್ಲಿ ತನ್ನ ಯುಎಫ್‌ಒ ವಿಭಾಗ ಮುಚ್ಚಿತು. ಐವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ದೇಶಕ್ಕೆ ಅಪಾಯ ಇದೆ ಎಂದು ತೋರಿಸುವ ಒಂದು ವರದಿಯೂ ಬಂದಿಲ್ಲ ಎಂಬುದು ಅದು ಕೊಟ್ಟ ಕಾರಣ. ಕಡತಗಳನ್ನು ರಾಷ್ಟ್ರೀಯ ಪತ್ರಾಗಾರಕ್ಕೆ ಕೊಟ್ಟಿದೆ, ಯಾರು ಬೇಕಾದರೂ ಓದಬಹುದು.

ವಾರ್ಮಿನ್‌ಸ್ಟರ್‌ಗೆ ಬರುವ ಜನ 1970ರ ದಶಕದ ಕೊನೆಗೆ ಕಡಿಮೆಯಾದರು. ಶಟಲ್‌ವುಡ್ 1996ರಲ್ಲಿ ತೀರಿಕೊಂಡರು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ, ಪಕ್ಕದ ಹೊಲಕ್ಕೆ ಹೋಯಿತು. 1980ರ ಆಗಸ್ಟಿನಲ್ಲಿ ವಾರ್ಮಿನ್‌ಸ್ಟರ್‌ಗೆ ಕೆಲವೇ ಮೈಲಿ ದೂರದ ವೆಸ್ಟ್‌ಬರಿಯಲ್ಲಿ, ಗುಡ್ಡದ ಇಳಿಜಾರಿನ ಬಿಳಿ ಕುದುರೆ ಚಿತ್ರದ ಕೆಳಗಿನ ಓಟ್ಸ್ ಹೊಲದಲ್ಲಿ ಬೆಳೆ ವೃತ್ತಾಕಾರವಾಗಿ ಮಲಗಿತ್ತು. ಪತ್ರಿಕೆಗಳು ಬರೆದವು, ತಟ್ಟೆ ಇಳಿದ ಗುರುತು ಎಂದು ಜನ ಸೇರಿದರು. ಮುಂದಿನ ವರ್ಷಗಳಲ್ಲಿ ವಿಲ್ಟ್‌ಶರ್‌ನ ಹೊಲಗಳಲ್ಲಿ ಇನ್ನೂ ದೊಡ್ಡ, ಇನ್ನೂ ಚೆಂದದ ಚಿತ್ತಾರಗಳು ಮೂಡಿದವು. 1991ರಲ್ಲಿ ಡೌಗ್ ಬೋವರ್ ಮತ್ತು ಡೇವ್ ಚೋರ್ಲಿ ಎಂಬ ಇಬ್ಬರು ಹಿರಿಯರು ಪತ್ರಿಕೆಯೊಂದರ ಮುಂದೆ ನಿಂತು, ಇದು ನಾವು ಮಾಡಿದ್ದು ಎಂದರು. ಹಲಗೆ ಮತ್ತು ಹಗ್ಗದಿಂದ ಮಾಡಿಯೂ ತೋರಿಸಿದರು. ನಂಬುವವರು ಒಪ್ಪಲಿಲ್ಲ. ಇಷ್ಟೊಂದು ವೃತ್ತಗಳನ್ನು ಇಬ್ಬರೇ ಮುದುಕರು ಮಾಡಲು ಸಾಧ್ಯವೇ ಇಲ್ಲ ಎಂದು ವಾದಿಸಿದರು. ಆ ಮಾತು ನಿಜವೇ. ಉಳಿದವನ್ನು ಬೇರೆ ಹುಡುಗರ ಗುಂಪುಗಳು ಮಾಡುತ್ತಿದ್ದವು.